ಮಾಸ್ತಮ್ಮ ಹೊಲಿದ ಎಲೆ ಚೀಟಿ

ನಿಮ್ಮ ಮನೆಯಲ್ಲಿ ಬಾಣಂತಿ ಇದ್ದಾಳೆಯೇ? ತೊಟ್ಟಿಲಲ್ಲಿ ಕೂಸು ಇದೆಯೇ? ಇದ್ದರೆ ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಈ ಕಥೆ ಕೇಳಿ. ಇಲ್ಲದಿದ್ದರೂ ಕೇಳಿ. ಕೂಸಿಲ್ಲದ ಮನೆ ಇರಬಹುದು, ಬಟ್ಟೆ ಉಡದ ಮನೆ ಇಲ್ಲವಲ್ಲ.

ಎಂಬತ್ತನಾಲ್ಕನೆಯ ಇಸವಿಯ ಬೇಸಿಗೆ. ಹೊಸನಗರದ ಪೇಟೆ ದಾಟಿ ಸಾಗರದ ರಸ್ತೆಗೆ ಬಂದರೆ ಎಡಗಡೆ ಒಂದು ಕೇರಿ. ಶರಾವತಿಯ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರ ಮನೆಗಳು ಅಲ್ಲಿ ನಾಲ್ಕಾರು. ಅದರಲ್ಲೊಂದು ಮಾಸ್ತಮ್ಮನದು. ಗಂಡ ಜಟ್ಟಿಂಗಪ್ಪ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಒಬ್ಬಳೇ ಮಗಳು ಸರೋಜ ತೀರ್ಥಹಳ್ಳಿ ಕಡೆಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿ ಇಪ್ಪತ್ತಾರು ದಿನವಾಗಿತ್ತು. ಇನ್ನೂ ಹೆಸರಿಟ್ಟಿರಲಿಲ್ಲ, ಎಲ್ಲರೂ ಪುಟ್ಟಿ ಎನ್ನುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಲು ಪುಟ್ಟಿಯನ್ನು ಕಾಲ ಮೇಲೆ ಮಲಗಿಸಿಕೊಂಡ ಮಾಸ್ತಮ್ಮ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. ಕೂಸಿನ ಬೆನ್ನ ಮೇಲೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಕೆಂಪು ಗುಳ್ಳೆ. ನಿನ್ನೆ ಬೆವರು ಸಾಲೆ ಎಂದುಕೊಂಡಿದ್ದು ಇವತ್ತು ಒಂದಕ್ಕೊಂದು ಕೂಡಿ ಹರಡಿತ್ತು. ನೀರು ತಾಗಿದ ಕೂಡಲೇ ಕೂಸು ಚಿಟ್ಟನೆ ಚೀರಿತು.

ಜಟ್ಟಿಂಗಪ್ಪ ಬಗ್ಗಿ ನೋಡಿದ. ನೋಡಿದವನೇ ಕೈ ಮುಗಿದ. ಸಿಡುಬಿನ ಅಮ್ಮ ಎದ್ದಿದ್ದಾಳೆ, ಯಾರೂ ಮೈಲಿಗೆ ಮಾಡಬೇಡಿ ಎಂದ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ, ಒಗ್ಗರಣೆ ನಿಲ್ಲಿಸಿದ, ಮಂಡಿಯ ಕೆಲಸಕ್ಕೂ ಹೋಗಲಿಲ್ಲ. ಕೂಸಿಗೆ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿಸಿದ. ಮಾಸ್ತಮ್ಮ ಪುಟ್ಟಿಯನ್ನು ಒರೆಸಿ, ದಿನಾ ಸುತ್ತುವ ಕೆಂಗಂದು ಬಣ್ಣದ ಸುತ್ತುಬಟ್ಟೆಯಲ್ಲಿ ಕಾಲಿನಿಂದ ಕೊರಳವರೆಗೆ ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕಿದಳು. ಹೊಸ ಬಟ್ಟೆ, ಗಿಡಮೂಲಿಕೆಯ ಬಣ್ಣದ ಬಟ್ಟೆ, ಒಳ್ಳೆಯದನ್ನೇ ಮಾಡುತ್ತದೆ ಎಂದು ಅವಳ ನಂಬಿಕೆ. ಆ ಬಟ್ಟೆಯ ಕಥೆಯನ್ನೇ ನಾನೀಗ ಹೇಳಬೇಕು.

ಕೇರಿಯಿಂದ ಅರ್ಧ ಮೈಲಿಯಲ್ಲಿ ಒಂದು ಹಳೇ ಅಕ್ಕಿ ಗಿರಣಿ. ಎರಡು ವರ್ಷದಿಂದ ಬಾಗಿಲು ಹಾಕಿ ಬಿದ್ದಿದ್ದ ಅದನ್ನು ಹಿಂದಿನ ಚಳಿಗಾಲದಲ್ಲಿ ಮುಕುಂದಯ್ಯ ಎಂಬ ಬಟ್ಟೆ ವ್ಯಾಪಾರಿ ಬಾಡಿಗೆಗೆ ಹಿಡಿದಿದ್ದ. ಘಟ್ಟದ ಕೆಳಗಿನವನೋ ಬಯಲುಸೀಮೆಯವನೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಮಾತು ಮಾತ್ರ ಬೆಣ್ಣೆ. ಕೇರಿಯ ಹೆಂಗಸರನ್ನೆಲ್ಲ ಕೂರಿಸಿ, ಪೇಟೆ ಬಟ್ಟೆಯ ಬಣ್ಣದಲ್ಲಿ ವಿಷ ಇರುತ್ತದೆ ತಾಯಂದಿರೇ, ನಾನು ಮಾಡುವುದು ನಿಮ್ಮ ಅಂಗಳದ ಬಣ್ಣ ಎಂದಿದ್ದ. ಅಂಗಳದ ಬಣ್ಣ ಅಂದರೆ ಚೊಗರು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುತ್ತದಲ್ಲ, ಆ ಕೆಂಪು ಕಷಾಯ. ಅದನ್ನು ತೋಟದವರ ಮನೆಗಳಿಂದ ಕೊಂಡು, ಡ್ರಮ್ಮುಗಟ್ಟಲೆ ಗಿರಣಿಗೆ ತರಿಸಿದ. ಹೊತ್ತು ತಂದವರಲ್ಲಿ ಜಟ್ಟಿಂಗಪ್ಪನೂ ಒಬ್ಬ. ಕಣ್ಣಾರೆ ಕಂಡ ಮೇಲೆ ಇನ್ನು ಅನುಮಾನ ಎಲ್ಲಿಂದ ಬಂದೀತು?

ಗಿರಣಿಯ ಹಿಂಭಾಗದಲ್ಲಿ ಬಣ್ಣ ಹಾಕುವ ಕೆಲಸ. ಅದಕ್ಕೆ ಹೊರಗಿನಿಂದ ಬಂದ ಇಬ್ಬರು ಗಂಡಸರು, ಅಲ್ಲಿಗೆ ಹೆಂಗಸರಿಗೆ ಪ್ರವೇಶ ಇಲ್ಲ. ಮುಂಭಾಗದಲ್ಲಿ ಕೇರಿಯ ಏಳು ಹೆಂಗಸರು ಕೂತು ಕೂಸುಗಳ ಸುತ್ತುಬಟ್ಟೆಗೆ ಅಂಚು ಹೊಲಿಯುತ್ತಿದ್ದರು. ಕೊನೆಗೆ ಒಂದು ಮೂಲೆಗೆ ಚೀಟಿ ಹೊಲಿಯಬೇಕು. ಹೆಬ್ಬೆರಳಗಲದ ಬಿಳಿ ಪಟ್ಟಿ, ಅದರ ಮೇಲೊಂದು ಹಸಿರು ಎಲೆ. ಎಲೆಯ ಕೆಳಗೆ ಅಚ್ಚಾದ ಅಕ್ಷರ: ಅಪ್ಪಟ ಚೊಗರಿನ ಬಣ್ಣ, ರಾಸಾಯನಿಕದ ಸೋಂಕಿಲ್ಲ, ಹಸುಗೂಸಿನ ಮೈಗೂ ಹಿತ. ಮಾಸ್ತಮ್ಮನಿಗೆ ಓದು ಬಾರದು. ಸರೋಜಳಿಂದ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದಳು. ತನ್ನ ಕೆಲಸ ಬೇರೆಯವರದರ ಜೊತೆ ಬೆರೆಯಬಾರದೆಂದು ಪ್ರತಿ ಚೀಟಿಯ ಮೂಲೆಯಲ್ಲಿ ಕೆಂಪು ದಾರದಲ್ಲಿ ಅಡ್ಡ ಎರಡು, ಉದ್ದ ಒಂದು ಹೊಲಿಗೆ ಹಾಕುತ್ತಿದ್ದಳು. ಅದು ಅವಳ ರುಜು. ರುಜು ಹಾಕಲು ಅಕ್ಷರವೇ ಬೇಕೆಂದೇನೂ ಇಲ್ಲ, ಅಲ್ಲವೇ?

ಈಗ ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ಒಂದು ತಪ್ಪಿನ ವಿಷಯ ಹೇಳುತ್ತೇನೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಮನೆಗಳ ಮುಂದೆ ಚರಂಡಿ ಕೆಂಪಗೆ ಹರಿಯುತ್ತದೆ. ಹಸಿ ಅಡಿಕೆ ಸುಲಿದವರ ಕೈ ಕಪ್ಪಾಗುತ್ತದೆ, ಬೆರಳು ಒಡೆಯುತ್ತದೆ. ಇದೆಲ್ಲ ನಮಗೆ ಹುಟ್ಟಾ ಗೊತ್ತು. ಗಿರಣಿಯ ಹಿಂದಿನ ಚರಂಡಿಯೂ ಕೆಂಪಗೆ ಹರಿಯಿತು. ಹೊಲಿಯುವವರ ಬೆರಳೂ ಕಂದಾಗಿ ನವೆ ಹತ್ತಿ ಸಿಪ್ಪೆ ಎದ್ದವು. ಬೇರೆ ಸೀಮೆಯವರಾಗಿದ್ದರೆ ಇದೇನು ಎಂದು ಕೇಳುತ್ತಿದ್ದರೋ ಏನೋ. ನಮ್ಮ ಹೆಂಗಸರು ಚೊಗರಲ್ಲವೇ ಎಂದುಕೊಂಡು ಕೊಬ್ಬರಿ ಎಣ್ಣೆ ಸವರಿಕೊಂಡು ಮರುದಿನ ಮತ್ತೆ ಸೂಜಿ ಹಿಡಿದರು. ಕೆಂಪು ನೀರು ಕಂಡು ಕಂಡು ಕಣ್ಣು ಪಳಗಿಹೋಗಿತ್ತು.

ಇನ್ನೊಂದು ತಪ್ಪನ್ನು ಮಾಸ್ತಮ್ಮ ಒಬ್ಬಳೇ ಮಾಡಿದಳು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಹಿರಿಯರು ಉಟ್ಟು ಮೆತ್ತಗಾದ ಹಳೇ ಸೀರೆಯಲ್ಲೇ ಸುತ್ತಬೇಕು ಎನ್ನುವುದು ಅವರ ಮನೆಯ ಪದ್ಧತಿ. ಅದಕ್ಕೆಂದೇ ತೀರಿಕೊಂಡ ಅತ್ತೆಯ ಒಂದು ನೂಲಿನ ಸೀರೆಯನ್ನು ಒಗೆದು ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದಳು. ಆದರೆ ಸರೋಜ ಹೆತ್ತ ಸುದ್ದಿ ಕೇಳಿ ಮುಕುಂದಯ್ಯ ಎರಡು ಸುತ್ತುಬಟ್ಟೆಯನ್ನು ಉಡುಗೊರೆ ಎಂದು ಕೊಟ್ಟುಬಿಟ್ಟ. ತಾನೇ ಅಂಚು ಹೊಲಿದ, ತಾನೇ ಎಲೆ ಚೀಟಿ ಹಾಕಿದ ಬಟ್ಟೆ. ಮಾಸ್ತಮ್ಮನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಒಗೆದರೆ ಹೊಸತನ ಹೋಗುತ್ತದೆಂದು ಒಗೆಯದೆಯೇ ಕೂಸಿಗೆ ಸುತ್ತಿದಳು. ಅತ್ತೆಯ ಸೀರೆ ಟ್ರಂಕಿನಲ್ಲೇ ಉಳಿಯಿತು.

ಸೋಮವಾರ ಹೋಗಿ ಬುಧವಾರ ಬಂತು. ಗುಳ್ಳೆಗಳು ಒಡೆದು ನೀರು ಜಿನುಗತೊಡಗಿತು. ಪುಟ್ಟಿ ಮೊಲೆ ಬಿಟ್ಟು ಬಿಟ್ಟು ಕುಡಿಯುತ್ತಿತ್ತು, ಮೈ ಕಾದಿತ್ತು. ಬೇಸಿಗೆಯ ಧಗೆ, ಮುಚ್ಚಿದ ಕಿಟಕಿ, ಬಿಗಿದು ಸುತ್ತಿದ ಬಟ್ಟೆ. ಕೂಸು ಬೆವರಿದಷ್ಟೂ ಮಾಸ್ತಮ್ಮ ಹೆದರಿ ಇನ್ನೊಂದು ಸುತ್ತು ಸುತ್ತುತ್ತಿದ್ದಳು. ಸರೋಜ ಗೋಡೆಗೆ ಒರಗಿ ಕೂತು ಬಿಟ್ಟ ಕಣ್ಣು ಬಿಟ್ಟ ಹಾಗೆ ತೊಟ್ಟಿಲು ನೋಡುತ್ತಿದ್ದಳು. ಅಳಲಿಕ್ಕೂ ಹೆದರಿಕೆ, ಬಾಣಂತಿ ಅತ್ತರೆ ಹಾಲು ಬತ್ತುತ್ತದೆ ಎಂದು ಯಾರೋ ಹೇಳಿಬಿಟ್ಟಿದ್ದರು.

ಅದೇ ಮಧ್ಯಾಹ್ನ ನರ್ಸ್ ವರದಮ್ಮ ಬಂದಳು. ಕೂಸಿನ ಚುಚ್ಚುಮದ್ದಿನ ದಿನ ತಿಳಿಸಲು ಕೇರಿ ಕೇರಿ ಸುತ್ತುತ್ತಿದ್ದವಳು ಬಾಗಿಲ ಬೇವು ನೋಡಿ ಹೊಸಿಲಲ್ಲೇ ಚಪ್ಪಲಿ ಬಿಟ್ಟಳು. ಈ ವರದಮ್ಮ ಹತ್ತು ವರ್ಷದಿಂದ ಆ ಸುತ್ತಿನ ಬಾಣಂತಿಯರನ್ನೆಲ್ಲ ಬಲ್ಲವಳು. ಗದರುವುದೂ ಗೊತ್ತು, ಜೊತೆಗೆ ಕೂತು ಗಂಜಿ ಕುಡಿಯುವುದೂ ಗೊತ್ತು. ಜಟ್ಟಿಂಗಪ್ಪ ಬಾಗಿಲಲ್ಲಿ ಅಡ್ಡ ನಿಂತ. ಅಮ್ಮ ಇರುವ ಮನೆ, ಒಳಗೆ ಬರಬಾರದು ಎಂದ. ಬರುವುದಿಲ್ಲ, ದೂರದಿಂದ ನೋಡುತ್ತೇನೆ ಎನ್ನುತ್ತಲೇ ವರದಮ್ಮ ಒಳಗೆ ಬಂದು ಕಿಟಕಿ ತೆರೆದಳು.

ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದು ಕೂಸನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಾಸ್ತಮ್ಮನನ್ನು ಹತ್ತಿರ ಕರೆದಳು.

"ಅಮ್ಮ ಎದ್ದಿದ್ರೆ ಮುಖ ಬಿಡ್ತಿದ್ಲಾ ಮಾಸ್ತಕ್ಕ? ಮುಖ ನೋಡು, ನೆತ್ತಿ ನೋಡು. ಒಂದು ಗುಳ್ಳೆ ಇಲ್ಲ. ಬಟ್ಟೆ ಎಲ್ಲಿವರೆಗೆ ಸುತ್ತಿದೀಯೋ ಅಲ್ಲಿವರೆಗೆ ಮಾತ್ರ ಎದ್ದಿದೆ. ಕೊರಳ ಹತ್ರ ಗೀಟು ಹಾಕಿದ ಹಾಗೆ ನಿಂತಿದೆ."

ಮಾಸ್ತಮ್ಮ ನೋಡಿದಳು. ಮೂರು ದಿನದಿಂದ ನೋಡುತ್ತಲೇ ಇದ್ದಳು, ಕಂಡಿದ್ದು ಈಗ. ಕೂಸಿನ ಕಂಕುಳ ಮಡಿಕೆಯಲ್ಲಿ ಕಂದು ಬಣ್ಣ ಇಳಿದಿತ್ತು. ವರದಮ್ಮ ತನ್ನ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಸುತ್ತುಬಟ್ಟೆಯ ಮೇಲೆ ಎರಡು ಸಲ ಎಳೆದಳು. ಕರವಸ್ತ್ರ ಕೆಂಪಾಯಿತು.

"ಈ ಬಟ್ಟೆ ಈಗಲೇ ತೆಗಿ. ತಣ್ಣಗಿನ ನೀರಲ್ಲಿ ಮೈ ತೊಳಿ. ಇವತ್ತೇ ಆಸ್ಪತ್ರೆಗೆ ಹೊರಡ್ಬೇಕು. ಹುಣ್ಣು ಕೀವಾದ್ರೆ ಇಷ್ಟು ಚಿಕ್ಕ ಕೂಸು ತಡಿಯಲ್ಲ."

ಮಾಸ್ತಮ್ಮನಿಗೆ ಸಿಟ್ಟು ಬಂತು. ಹೌದು, ಸಿಟ್ಟೇ ಬಂತು. ಹೆದರಿದವರಿಗೆ ಮೊದಲು ಬರುವುದು ಅದೇ. ನಾನೇ ಹೊಲಿದ ಬಟ್ಟೆ, ಚೊಗರಿನ ಬಟ್ಟೆ, ಎಲೆ ಚೀಟಿಯಲ್ಲಿ ಬರೆದಿದೆ ಬೇಕಾದರೆ ಓದಿ ಎಂದಳು. ಚೊಗರನ್ನು ನನ್ನ ಅತ್ತೆ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದಳು, ಅದರಿಂದ ಯಾರಿಗೆ ಏನಾಗಿದೆ ಎಂದು ಕೇಳಿದಳು. ಜಟ್ಟಿಂಗಪ್ಪನಿಗೆ ಇಷ್ಟೇ ಸಾಕಾಯಿತು.

"ದೇವಿ ಮೈಮೇಲಿರುವಾಗ ಆಸ್ಪತ್ರೆಗೆ ಒಯ್ದು ಸೂಜಿ ಚುಚ್ಚಿಸ್ತೀರಾ? ಕೂಸು ಉಳಿಬೇಕಾ ಬ್ಯಾಡ್ವಾ?" ಎಂದ. ಮೊಮ್ಮಗಳ ಮೇಲೆ ಅವನಿಗೇನು ಕಡಿಮೆ ಜೀವವೇ?

ವರದಮ್ಮ ಜಗಳಕ್ಕೆ ಹೋಗಲಿಲ್ಲ. ಚಾಪೆಯ ಮೇಲೆ ಕೂತಳು. ಚೊಗರಾಗಿದ್ದರೆ ನಾನೂ ಇಷ್ಟು ಹೆದರುತ್ತಿರಲಿಲ್ಲ ಎಂದಳು.

"ಆದ್ರೆ ಇದು ಚೊಗರೇನಾ? ನಂಗೆ ಮೈಮೇಲಿನ ಹುಣ್ಣು ಗೊತ್ತಾಗ್ತದೆ, ಬಣ್ಣ ಗೊತ್ತಾಗಲ್ಲ. ನೀವು ಅಡಿಕೆ ಸುಲಿದೋರು, ನೀವೇ ಹೇಳಿ. ಚೊಗರು ಹೌದೋ ಅಲ್ವೋ ಅಂತ ನೋಡದು ಹೆಂಗೆ?"

ಮೂಲೆಯಿಂದ ಸರೋಜ ಬಾಯಿ ಬಿಟ್ಟಳು. ಮೂರು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಅವ್ವಾ, ಮೆಟ್ಟುಗತ್ತಿ ಕಪ್ಪಾಗ್ತದಲ್ಲ."

ಅಡಿಕೆ ಸುಲಿಯುವ ಕತ್ತಿಯೇ ಮೆಟ್ಟುಗತ್ತಿ. ಹಲಗೆಗೆ ನಿಲ್ಲಿಸಿದ ಕಬ್ಬಿಣದ ಬಾಯಿ. ಒಂದು ದಿನ ಸುಲಿದರೆ ಸಾಕು, ಅಡಿಕೆಯ ರಸ ಹತ್ತಿ ಅದರ ಅಲಗು ಮಸಿಯಾಗುತ್ತದೆ. ಕಬ್ಬಿಣಕ್ಕೂ ಚೊಗರಿಗೂ ಹಗೆ, ತಾಗಿದ ಕಡೆ ಕಪ್ಪು ಬೀಳುತ್ತದೆ. ಇದನ್ನು ಕಲಿಯಲು ಶಾಲೆಗೆ ಹೋಗಬೇಕಾಗಿಲ್ಲ, ಮಾಸ್ತಮ್ಮ ಹನ್ನೆರಡನೆಯ ವಯಸ್ಸಿನಿಂದ ಆ ಕತ್ತಿಯ ಮುಂದೆ ಕೂತವಳು. ಅಟ್ಟದಿಂದ ಮೆಟ್ಟುಗತ್ತಿ ಇಳಿಸಿದಳು. ಸುಗ್ಗಿ ಮುಗಿದ ಮೇಲೆ ಅಲ್ಲೇ ಬಿದ್ದು ತುಕ್ಕು ಹಿಡಿದಿತ್ತು. ಅಲಗಿಗೆ ಹುಳಿ ಮಜ್ಜಿಗೆ ಸವರಿ ಸ್ವಲ್ಪ ಹೊತ್ತು ಬಿಟ್ಟರು. ತುಕ್ಕು ಕರಗಿ ಹಳದಿ ನೀರಾಯಿತು.

ಅಪ್ಪಟ ಚೊಗರು ತಾಗಿದ ಬಟ್ಟೆ ಒಂದು ಬೇಕಲ್ಲ? ಅದು ಜಟ್ಟಿಂಗಪ್ಪನ ಹೆಗಲ ಮೇಲೆಯೇ ಇತ್ತು. ಡ್ರಮ್ಮು ಹೊರುವಾಗ ಚೊಗರು ಚೆಲ್ಲಿ ಕೆಂಪಾಗಿ, ಎಷ್ಟು ಒಗೆದರೂ ಕಲೆ ಬಿಡದ ಟವೆಲ್ಲು. ಮಾಸ್ತಮ್ಮ ಬೆರಳಿನಿಂದ ಆ ಹಳದಿ ನೀರನ್ನು ಟವೆಲ್ಲಿನ ಕಲೆಯ ಮೇಲೆ ಒಂದು ಹನಿ ಬಿಟ್ಟಳು. ನೋಡುತ್ತಿದ್ದ ಹಾಗೆ ಅಲ್ಲಿ ಕಪ್ಪು ಬಿತ್ತು, ಮಸಿ ಚೆಲ್ಲಿದ ಹಾಗೆ. ಆಮೇಲೆ ಎಲೆ ಚೀಟಿಯ ಪಕ್ಕದಲ್ಲೇ, ಸುತ್ತುಬಟ್ಟೆಯ ಮೇಲೆ ಒಂದು ಹನಿ ಬಿಟ್ಟಳು.

ಏನೂ ಆಗಲಿಲ್ಲ. ಇನ್ನೊಂದು ಹನಿ ಬಿಟ್ಟಳು. ಬಟ್ಟೆ ಒದ್ದೆಯಾಯಿತೇ ಹೊರತು ಬಣ್ಣ ಕದಲಲಿಲ್ಲ. ಮೂರನೆಯ ಹನಿಗೂ ಅಷ್ಟೇ.

ಜಟ್ಟಿಂಗಪ್ಪ ಟವೆಲ್ಲನ್ನೂ ಸುತ್ತುಬಟ್ಟೆಯನ್ನೂ ಎರಡು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದ. ನರ್ಸು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ದೊಡ್ಡವರು ಬಂದು ಭಾಷಣ ಮಾಡಿದ್ದರೂ ನಂಬುತ್ತಿರಲಿಲ್ಲ. ಮೆಟ್ಟುಗತ್ತಿ ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ಬಾಗಿಲಿಗೆ ಹೋಗಿ ಬೇವಿನ ಸೊಪ್ಪು ತೆಗೆದ. ಸಾಗರದಿಂದ ಬರುವ ಮೂರೂವರೆ ಬಸ್ಸನ್ನು ಕೈ ಅಡ್ಡ ಹಾಕಿ ನಿಲ್ಲಿಸುತ್ತೇನೆ, ಬೇಗ ಹೊರಡಿ ಎಂದ.

ಟ್ರಂಕು ತೆರೆದು ಅತ್ತೆಯ ಸೀರೆಯಿಂದ ಒಂದು ತುಂಡು ಹರಿದರು. ಪುಟ್ಟಿಯ ಮೈ ತೊಳೆದು ಅದರಲ್ಲಿ ಸಡಿಲವಾಗಿ ಸುತ್ತಿಕೊಂಡು ಬಸ್ಸು ಹತ್ತಿದರು. ಪೇಟೆಯ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ಮಾಸ್ತಮ್ಮ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದಳು. ಡಾಕ್ಟರು ನೋಡಿದರು, ಹುಣ್ಣಿಗೆ ಮುಲಾಮು, ಜ್ವರಕ್ಕೆ ಔಷಧಿ ಕೊಟ್ಟು, ಎರಡು ದಿನ ಇಲ್ಲೇ ಇರಲಿ ಎಂದರು. ಬಣ್ಣ ಸರಿಯಾಗಿ ಕೂರಿಸದ, ಒಗೆಯದ ಬಟ್ಟೆ ಬೆವರಿಗೆ ಬಣ್ಣ ಬಿಟ್ಟು ಎಳೆ ಚರ್ಮ ಸುಟ್ಟಿದೆ, ಹುಣ್ಣಿಗೆ ಈಗ ಕೀವು ಹಿಡಿಯುತ್ತಿದೆ ಎಂದರು. ಉಳಿಯುತ್ತದಾ ಸ್ವಾಮಿ ಎಂದು ಜಟ್ಟಿಂಗಪ್ಪ ಕೇಳಿದ. ನಾಳೆ ಸಂಜೆ ಹೇಳುತ್ತೇನೆ ಎಂದರು ಡಾಕ್ಟರು. ನಾಳೆ ಸಂಜೆ ಎಂದರೆ ಎಷ್ಟು ದೂರ ಎಂದು ಕೂಸಿನ ಪಕ್ಕ ಕೂತವರಿಗೇ ಗೊತ್ತು.

ಗುರುವಾರ ಬೆಳಿಗ್ಗೆ ಸರೋಜಳ ಬಳಿ ಜಟ್ಟಿಂಗಪ್ಪನನ್ನು ಕೂರಿಸಿ ಮಾಸ್ತಮ್ಮ ಗಿರಣಿಗೆ ಹೋದಳು. ಈ ಸಲ ಮುಂಬಾಗಿಲಿಗೆ ಹೋಗಲಿಲ್ಲ, ಹಿಂದಿನ ಚರಂಡಿಯ ಬದಿ ಹಿಡಿದು ಹೋದಳು. ಚರಂಡಿ ಕೆಂಪಗೆ ಹರಿಯುತ್ತಿತ್ತು. ಅವಳಿಗೆ ಆಗ ಒಂದು ಸಾಮಾನ್ಯ ಲೆಕ್ಕ ಹೊಳೆಯಿತು. ಸುಗ್ಗಿ ಮುಗಿದು ಮೂರು ತಿಂಗಳಾಯಿತು, ಯಾವ ಮನೆಯಲ್ಲೂ ಅಡಿಕೆಯ ಹಂಡೆ ಒಲೆಯ ಮೇಲಿಲ್ಲ. ಹಾಗಿದ್ದರೆ ದಿನಾ ಇಷ್ಟು ಕೆಂಪು ನೀರು ಎಲ್ಲಿಂದ? ಇಷ್ಟು ದಿನ ಇದೇ ದಾರಿಯಲ್ಲಿ ಓಡಾಡಿದವಳು ತಾನು. ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸಿತು.

ಹಿಂಬದಿಯ ಮಾಡಿನಡಿ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಜಟ್ಟಿಂಗಪ್ಪ ಹೊತ್ತು ತಂದವೇ. ಒಂದರ ಮುಚ್ಚಳ ತೆಗೆದಳು. ಚೊಗರು ಕಂಠಮಟ್ಟ ತುಂಬಿತ್ತು, ಮೇಲೆ ಬೂಸಲು ದಪ್ಪಗೆ ಕಟ್ಟಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಸುಗ್ಗಿಯಿಂದ ಈಚೆ ಯಾರೂ ಮುಟ್ಟಿರಲಿಲ್ಲ. ಆಚೆ ಕುದಿಯುವ ಹಂಡೆಯ ಪಕ್ಕದಲ್ಲಿ ಪುಡಿಯ ಡಬ್ಬಿಗಳ ರಾಶಿ ಬಿದ್ದಿತ್ತು.

ಮುಕುಂದಯ್ಯ ಬಂದ. ಅವನೇನು ಬೆಚ್ಚಿಬೀಳಲಿಲ್ಲ, ಬೈಯಲೂ ಇಲ್ಲ. ಕೂಸು ಹೇಗಿದೆ ಎಂದು ಕೇಳಿದ. ಚೊಗರಿನಲ್ಲಿ ಬಣ್ಣ ಹಾಕಲು ದಿನಗಟ್ಟಲೆ ಬೇಕು, ಒಂದು ಥಾನು ಬಟ್ಟೆಯ ಬಣ್ಣ ಇನ್ನೊಂದರ ಹಾಗೆ ಬರುವುದಿಲ್ಲ, ಅಂಗಡಿಯವರು ಒಪ್ಪುವುದಿಲ್ಲ ಎಂದು ಸಾವಧಾನವಾಗಿ ವಿವರಿಸಿದ.

"ಮೊದಲ ಹತ್ತು ಥಾನು ಅದರಲ್ಲೇ ಮಾಡಿದ್ವಲ್ಲ ಮಾಸ್ತಮ್ಮ. ಪೂರ್ತಿ ಸುಳ್ಳು ಹೆಂಗಾಯ್ತು? ಜನಕ್ಕೂ ಎಲೆ ನೋಡಿದ್ರೆ ಒಂದು ಸಮಾಧಾನ. ನಾನು ಕೊಡ್ತಿರೋದು ಆ ಸಮಾಧಾನ."

ಹತ್ತು ಥಾನು ತೋರಿಸಲಿಕ್ಕೆ, ಮಿಕ್ಕಿದ್ದು ಮಾರಲಿಕ್ಕೆ. ಡ್ರಮ್ಮು ತಂದಿದ್ದೂ ತೋರಿಸಲಿಕ್ಕೆ, ಕೇರಿಯ ಹೆಂಗಸರನ್ನು ಕೂರಿಸಿದ್ದೂ ತೋರಿಸಲಿಕ್ಕೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದರು. ಹಸಿರಾಗಿರುವುದೆಲ್ಲ ಎಲೆಯಲ್ಲ ಎಂದು ಹೇಳಲು ಅವರಿಗೆ ಮುಕುಂದಯ್ಯ ಸಿಕ್ಕಿರಲಿಲ್ಲ.

"ನಂಗೆ ಓದಕ್ಕೆ ಬರಲ್ಲ ಸಾಹುಕಾರ್ರೇ," ಎಂದಳು ಮಾಸ್ತಮ್ಮ. "ನೀವು ಬರೆದಿದ್ದನ್ನ ನಿಜ ಅಂತ ಹೊಲಿದೆ. ಇನ್ನು ಹೊಲಿಯಲ್ಲ."

ಮುಂದಿನ ಕೋಣೆಗೆ ಬಂದು ಉಳಿದ ಆರು ಹೆಂಗಸರಿಗೆ ಕೂಸಿನ ಕಥೆ ಹೇಳಿದಳು, ಡ್ರಮ್ಮಿನ ಬೂಸಲಿನ ಕಥೆಯನ್ನೂ ಹೇಳಿದಳು. ಎಲ್ಲರೂ ತಟ್ಟನೆ ಎದ್ದು ಬಂದರು ಎಂದರೆ ಅದು ಸುಳ್ಳು. ಇಬ್ಬರು ಬಂದರು. ನಾಲ್ವರು ತಲೆ ತಗ್ಗಿಸಿ ಕೂತರು. ಮಳೆಗಾಲ ಎದುರಿಗಿದೆ, ಮನೆಯಲ್ಲಿ ಮಕ್ಕಳಿದ್ದಾರೆ, ಕೆಲಸ ಬಿಟ್ಟರೆ ಒಲೆ ಹೇಗೆ ಉರಿಯಬೇಕು? ಅವರನ್ನು ನಾನು ಬೈಯುವುದಿಲ್ಲ. ಆದರೆ ಅದರಲ್ಲೊಬ್ಬಳು ತನ್ನ ಸಿಪ್ಪೆ ಎದ್ದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಅದನ್ನು ಮಾಸ್ತಮ್ಮ ನೋಡಿದಳು.

ಸಂಜೆ ಡಾಕ್ಟರು ಕೂಸಿನ ಮೈ ಮುಟ್ಟಿ ನೋಡಿ, ಜ್ವರ ಇಳಿದಿದೆ, ಗಂಡಾಂತರ ಕಳೆಯಿತು ಎಂದರು. ಪುಟ್ಟಿ ಗಟ್ಟಿಯಾಗಿ ಹಾಲು ಕುಡಿಯಿತು. ಸರೋಜ ಆಗ ಅತ್ತಳು, ಸಾಕಾಗುವಷ್ಟು ಅತ್ತಳು, ಹಾಲೇನೂ ಬತ್ತಲಿಲ್ಲ. ಜಟ್ಟಿಂಗಪ್ಪ ವರದಮ್ಮನ ಮುಂದೆ ಕೈ ಮುಗಿದು ನಿಂತ. ನಂಗೆ ಮುಗಿಯಬೇಡಿ, ಮೆಟ್ಟುಗತ್ತಿಗೆ ಮುಗಿಯಿರಿ ಎಂದು ಅವಳು ನಕ್ಕಳು.

ಮಾಸ್ತಮ್ಮ ಮಾತ್ರ ನಗಲಿಲ್ಲ. ಕೂಸು ಉಳಿಯಿತು, ಹೌದು. ಆದರೆ ಚಳಿಗಾಲದಿಂದ ಈಚೆ ತಾನು ಎಷ್ಟು ಚೀಟಿ ಹೊಲಿದೆ? ಅವೆಲ್ಲ ಹೊಸನಗರದ ಸಂತೆಗೆ, ಸಾಗರದ ಸಂತೆಗೆ, ತೀರ್ಥಹಳ್ಳಿಯ ಅಂಗಡಿಗಳಿಗೆ ಹೋಗಿವೆ. ಯಾವ ಯಾವ ತೊಟ್ಟಿಲಿನಲ್ಲಿ ಯಾವ ಯಾವ ಕೂಸು ಅದರೊಳಗೆ ಬೆವರುತ್ತಿದೆಯೋ? ಯಾವ ಮನೆಯ ಬಾಗಿಲಿಗೆ ಬೇವು ಸಿಕ್ಕಿಸಿದ್ದಾರೋ? ವರದಮ್ಮನ ಹತ್ತಿರ ಇದನ್ನು ಹೇಳಿದಳು. ತಾಲೂಕು ಕಚೇರಿಗೆ ಒಂದು ಅರ್ಜಿ ಬರೆದುಕೊಡುತ್ತೇನೆ, ನನ್ನ ಸುತ್ತಿನ ಮನೆಗಳಿಗೆ ನಾನೇ ಹೇಳುತ್ತೇನೆ ಎಂದಳು ವರದಮ್ಮ. ಸಾಗರಕ್ಕೆ ಯಾರು ಹೇಳುತ್ತಾರೆ ಎಂದು ಮಾಸ್ತಮ್ಮ ಕೇಳಿದಳು.

ಮುಂದಿನ ಸಾಗರದ ಸಂತೆಯ ದಿನ ಮಾಸ್ತಮ್ಮ ಬೆಳಗಿನ ಬಸ್ಸು ಹತ್ತಿದಳು. ಕೈಯಲ್ಲೊಂದು ಚೀಲ. ಅದರೊಳಗೆ ಅತ್ತೆಯ ಸೀರೆಯನ್ನು ಹರಿದು ಒಗೆದು ಮಡಿಸಿದ ಏಳು ತುಂಡು. ಬಸ್‌ಸ್ಟ್ಯಾಂಡಿನ ನೆರಳಿನಲ್ಲಿ ನಿಂತು ಕೂಸು ಎತ್ತಿಕೊಂಡು ಬರುವ ಒಬ್ಬೊಬ್ಬರನ್ನೂ ನೋಡಿದಳು. ಮೊದಲು ಒಬ್ಬಳು ಬಂದಳು, ಬಟ್ಟೆ ಅದೇ ಬಣ್ಣದ್ದು. ಮಾತಾಡಿಸಿದರೆ ಭಿಕ್ಷೆಗೆ ಬಂದವಳೆಂದು ತಿಳಿದು ಮುಖ ತಿರುಗಿಸಿ ಹೋದಳು. ಇನ್ನೊಬ್ಬಳ ಗಂಡ ಗದರಿದ. ಮಾಸ್ತಮ್ಮನಿಗೆ ನಾಚಿಕೆಯಾಯಿತು. ಹೋಗಿಬಿಡೋಣ ಅನಿಸಿತು, ಒಂದು ಸಲ ಬಸ್ಸಿನ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಹಾಕಿದಳು.

ಅಷ್ಟರಲ್ಲಿ ಹದಿನೆಂಟು ಇಪ್ಪತ್ತರ ಒಬ್ಬ ಹುಡುಗಿ ಪಕ್ಕದಲ್ಲಿ ಬಂದು ನಿಂತಳು. ಹೆಗಲ ಮೇಲೆ ಕೂಸು, ಕೆಂಗಂದು ಬಟ್ಟೆಯಲ್ಲಿ ಕೊರಳವರೆಗೆ ಸುತ್ತಿದ ಕೂಸು. ಮಾಸ್ತಮ್ಮನ ಮುಖದ ಎದುರಿಗೇ ಬಟ್ಟೆಯ ಮೂಲೆ ಜೋಲುತ್ತಿತ್ತು. ಹಸಿರು ಎಲೆ. ಚೀಟಿಯ ಮೂಲೆಯಲ್ಲಿ ಕೆಂಪು ದಾರ, ಅಡ್ಡ ಎರಡು, ಉದ್ದ ಒಂದು.

ಮಾಸ್ತಮ್ಮ ಬಸ್ಸಿಗೆ ಬೆನ್ನು ಹಾಕಿದಳು.

"ತಂಗಿ, ಈ ಬಟ್ಟೆ ಕೂಸಿಗೆ ಬ್ಯಾಡ," ಎಂದಳು. ಹುಡುಗಿ ಹಿಂದೆ ಸರಿದು, ಇದು ಒಳ್ಳೇ ಬಟ್ಟೆ, ಚೀಟಿ ಓದಿಯೇ ತಗೊಂಡಿದ್ದು, ನೀವು ಯಾರು ಎಂದು ಕೇಳಿದಳು.

"ಆ ಚೀಟಿ ಹೊಲಿದೋಳು ನಾನೇ. ನೋಡು, ಆ ಕೆಂಪು ದಾರ ನಂದು. ಎಲೆ ಸುಳ್ಳು ಕಣೇ. ನನ್ನ ಮೊಮ್ಮಗಳು ಇದೇ ಬಟ್ಟೇಲಿ ಸಾಯಕ್ಕೆ ಬಿದ್ದಿತ್ತು. ನಂಗೆ ಬೈ, ಬೇಕಾರೆ ಹೊಡಿ. ಕೂಸಿನ ಕಂಕುಳು ಮಾತ್ರ ಒಂದು ಸಲ ನೋಡು."

ಹುಡುಗಿ ಅವಳ ಮುಖ ನೋಡಿದಳು. ಸುಳ್ಳು ಹೇಳುವವರು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳುವುದಿಲ್ಲ ಎಂದು ಅವಳಿಗೂ ಅನಿಸಿರಬೇಕು. ಅಲ್ಲೇ ಕಟ್ಟೆಯ ಮೇಲೆ ಕೂತು ಬಟ್ಟೆ ಬಿಚ್ಚಿ ಕೂಸಿನ ಕೈ ಮೇಲೆತ್ತಿದಳು. ಕಂಕುಳ ಮಡಿಕೆಯಲ್ಲಿ ಕಂದು ಬಣ್ಣ ಇಳಿದಿತ್ತು. ಪಕ್ಕದಲ್ಲಿ ನಾಲ್ಕೇ ನಾಲ್ಕು ಕೆಂಪು ಗುಳ್ಳೆ, ಆಗತಾನೇ ಎದ್ದವು.

ಮಾಸ್ತಮ್ಮ ಚೀಲದಿಂದ ಸೀರೆಯ ತುಂಡು ತೆಗೆದುಕೊಟ್ಟಳು. ಮನೆಗೆ ಹೋಗಿ ಮೈ ತೊಳಿ, ಹೆಚ್ಚಾದರೆ ಆಸ್ಪತ್ರೆಗೆ ಹೋಗು, ಅಮ್ಮ ಎಂದು ಯಾರಾದರೂ ಬೇವು ಕಟ್ಟಿದರೆ ಕೇಳಬೇಡ ಎಂದಳು. ಹುಡುಗಿ ಕೂಸನ್ನು ಹಳೇ ಬಟ್ಟೆಗೆ ಬದಲಾಯಿಸಿ, ಹೊಸತನ್ನು ಏನು ಮಾಡುವುದೆಂದು ತಿಳಿಯದೆ ಮಾಸ್ತಮ್ಮನ ಕೈಗೇ ಕೊಟ್ಟಳು. ಮಾಸ್ತಮ್ಮ ಅಲ್ಲೇ ಕೂತು ಹಲ್ಲಿನಿಂದ ಕೆಂಪು ದಾರ ಕಚ್ಚಿ, ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಆ ದಿನ ಸಂಜೆಯವರೆಗೆ ಅವಳು ಅಂಥ ಐದು ಚೀಟಿ ಬಿಚ್ಚಿದಳು. ಚೀಲದಲ್ಲಿ ಎರಡು ತುಂಡು ಉಳಿದವು. ಮರುವಾರ ಅವನ್ನು ಹಿಡಿದು ತೀರ್ಥಹಳ್ಳಿಗೆ ಹೋದಳು.

ಮುಕುಂದಯ್ಯ ಏನಾದ ಎಂದು ಕೇಳುತ್ತೀರಾ? ಅರ್ಜಿ ಹೋದ ತಿಂಗಳಿಗೆ ಗಿರಣಿಗೆ ಬೀಗ ಬಿತ್ತು. ಅವನನ್ನು ಯಾರೂ ಹಿಡಿಯಲಿಲ್ಲ. ಇವತ್ತು ಯಾವುದೋ ಊರಿನಲ್ಲಿ ಇನ್ನೊಂದು ಎಲೆ ಅಚ್ಚು ಹಾಕಿಸುತ್ತಿರಬಹುದು. ನಿಮ್ಮ ಊರೇ ಇರಬಹುದು.

ಅದಕ್ಕೇ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಷ್ಟು ಹೊತ್ತು ಕೂರಿಸಿ ಹೇಳಿದ್ದು. ಹೊಸ ಬಟ್ಟೆಯ ಮೇಲೆ ಎಲೆ ಇರಲಿ, ಹೂವಿರಲಿ, ದೇವರ ಪಟವೇ ಇರಲಿ, ಮೊದಲು ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಕೂಸಿನ ಹತ್ತಿರ ಒಯ್ಯಬೇಡಿ. ಬಿಡದಿದ್ದರೂ ಎರಡು ಸಲ ಒಗೆದು, ಬಿಸಿಲಿಗೆ ಒಣಗಿಸಿಯೇ ಹಾಕಿ. ಚೊಗರು ಎಂದು ಮಾರಿದರೆ ತುಕ್ಕು ಕಬ್ಬಿಣದ ಹುಳಿ ನೀರು ಒಂದು ಹನಿ ಬಿಡಿ, ಕಪ್ಪಾಗದಿದ್ದರೆ ಅದು ಚೊಗರಲ್ಲ. ಎಲ್ಲಿ ಬಣ್ಣ ಹಾಕಿದ್ದು, ಯಾವುದರಲ್ಲಿ ಹಾಕಿದ್ದು ಎಂದು ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ, ಕೇಳುವುದಕ್ಕೆ ನಾಚಬೇಡಿ. ನಿಮ್ಮೂರ ಚರಂಡಿ ಕಾಲವಲ್ಲದ ಕಾಲದಲ್ಲಿ ಕೆಂಪಗೆ ಹರಿದರೆ ದಾಟಿಕೊಂಡು ಹೋಗಬೇಡಿ, ಅದರ ಬದಿ ಹಿಡಿದು ಮೇಲಕ್ಕೆ ನಡೆಯಿರಿ. ಹುಟ್ಟಿದ ಕೂಸಿಗೆ ಅಜ್ಜಿಯ ಹಳೇ ಸೀರೆಗಿಂತ ಒಳ್ಳೆಯ ಬಟ್ಟೆ ಇನ್ನೂ ಯಾವ ಅಂಗಡಿಗೂ ಬಂದಿಲ್ಲ.

ಈಗ ಎದ್ದು ಹೋಗಿ, ನಿಮ್ಮ ತೊಟ್ಟಿಲಿನ ಕೂಸಿನ ಕೈ ಮೇಲೆತ್ತಿ ಕಂಕುಳು ನೋಡಿ. ಪಕ್ಕದ ಮನೆಯವರಿಗೂ ನೋಡಲು ಹೇಳಿ. ಮಾಸ್ತಮ್ಮನ ಚೀಲದಲ್ಲಿದ್ದದ್ದು ಏಳೇ ತುಂಡು, ಅವಳು ಹೊಲಿದ ಚೀಟಿಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ.